ಪುಣೆಯಲ್ಲಿದ್ದು ಹಳ್ಳಿಯಲ್ಲಿ ಉದ್ಯಮ ಕಟ್ಟುವವರಿಗೆ: ಸರ್ಕಾರಿ ಸಾಲ ಮತ್ತು ಸಹಾಯಧನದ ಸಮಗ್ರ ಮಾರ್ಗದರ್ಶಿ

ಪುಣೆ ಮತ್ತು ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ, ಬೀದರ್, ಬೆಳಗಾವಿ ಕಡೆಯವರು ಬಹಳ ಮಂದಿ; ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಗಡಿಭಾಗದಿಂದ ಬಂದವರೂ ಕಡಿಮೆಯಿಲ್ಲ. ಇವರಲ್ಲಿ ಹಲವರಿಗೆ ಊರಿನಲ್ಲಿ ತುಸು ಜಮೀನಿದೆ, ಪುಣೆಯ ಅಂಗಡಿಗಳಲ್ಲಿ ಮತ್ತು ಗೃಹ ಸಂಕೀರ್ಣಗಳಲ್ಲಿ ಗಿರಾಕಿಗಳ ಗುರುತಿದೆ, ಕೊರತೆಯಿರುವುದು ಬಂಡವಾಳಕ್ಕೆ. ಹಾಗಾಗಿ ಸರ್ಕಾರಿ ಸಾಲದ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು "ಯಾವ ಸ್ಕೀಮಿನಲ್ಲಿ ಸಬ್ಸಿಡಿ ಜಾಸ್ತಿ?" ಎಂದು. ನನ್ನ ಅಭಿಪ್ರಾಯದಲ್ಲಿ ಅದು ಮೂರನೆಯ ಪ್ರಶ್ನೆ. ಘಟಕ ಯಾವ ನೆಲದ ಮೇಲೆ ನಿಲ್ಲುತ್ತದೆ, ಯಾರ ಹೆಸರಿನಲ್ಲಿ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳು ಮೊದಲು ಇತ್ಯರ್ಥವಾದರೆ ಯೋಜನೆಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ. ಅವುಗಳನ್ನು ಬಿಟ್ಟು ನೇರವಾಗಿ ಪೋರ್ಟಲ್ ತೆರೆದವರ ಅರ್ಜಿಗಳೇ ಹೆಚ್ಚಾಗಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತವೆ.

ಆರಂಭದಲ್ಲೇ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಸಾಲವಿಲ್ಲದೆ, ಬರೀ ಅನುದಾನವಾಗಿ ಕೈಗೆ ಬರುವ ಹಣ ವ್ಯಕ್ತಿಗತ ಉದ್ಯಮಗಳಿಗೆ ಇಲ್ಲವೆಂದೇ ತಿಳಿಯಬೇಕು. ಸಹಾಯಧನವು ಬ್ಯಾಂಕ್ ಸಾಲದ ಬೆನ್ನಿಗೇ ಬರುತ್ತದೆ. ಬ್ಯಾಂಕು ಸಾಲ ಕೊಡಲೊಲ್ಲೆ ಎಂದರೆ ಸಹಾಯಧನವೂ ಇಲ್ಲ. ನೇರ ಅನುದಾನಗಳಿರುವುದು ಗುಂಪುಗಳಿಗೆ, ಅಂದರೆ ಸ್ವಸಹಾಯ ಸಂಘ, ರೈತ ಉತ್ಪಾದಕ ಸಂಸ್ಥೆ, ಗ್ರಾಮ ಪಂಚಾಯಿತಿ, ಕುಶಲಕರ್ಮಿಗಳ ಕ್ಲಸ್ಟರ್ ಮುಂತಾದವುಗಳಿಗೆ. ಅವುಗಳ ವಿಚಾರ ಕೊನೆಯ ಭಾಗದಲ್ಲಿದೆ.

ಮೊದಲ ಹೆಜ್ಜೆ: ಜಾಗದ ನಿರ್ಧಾರ

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಜನ ಪಿಎಂಇಜಿಪಿ ಎಂದು ಕರೆಯುವ ಯೋಜನೆ, ಗ್ರಾಮೀಣ ಘಟಕಕ್ಕೆ ನಗರದ ಘಟಕಕ್ಕಿಂತ ಶೇ. 10ರಷ್ಟು ಹೆಚ್ಚು ಸಹಾಯಧನ ಕೊಡುತ್ತದೆ. 2022ರ ಪರಿಷ್ಕರಣೆಯ ನಂತರ ಇದರ ವ್ಯಾಖ್ಯಾನ ಸರಳವಾಗಿದೆ: ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯಲ್ಲಿರುವ ಪ್ರದೇಶವೆಲ್ಲ ಗ್ರಾಮೀಣ, ಪುರಸಭೆ-ನಗರಸಭೆ-ಮಹಾನಗರಪಾಲಿಕೆಗಳ ವ್ಯಾಪ್ತಿಯದು ನಗರ. ನೋಡುವುದಕ್ಕೆ ಹಳ್ಳಿಯಂತೆ ಕಾಣುತ್ತದೆಯೇ ಇಲ್ಲವೇ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ಪುಣೆಯವರು ಎಡವುವುದು ಇಲ್ಲಿಯೇ. 2021ರಲ್ಲಿ 23 ಗ್ರಾಮಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ವಾಘೋಲಿ, ಮಾಂಜರಿ ಬುದ್ರುಕ್, ನರ್‍ಹೆ, ಸೂಸ್, ಮ್ಹಾಳುಂಗೆ ಆ ಪಟ್ಟಿಯಲ್ಲಿವೆ. ಹಳೆಯ ಬಾಡಿಗೆ ಕರಾರಿನಲ್ಲಿ ಗ್ರಾಮ ಪಂಚಾಯಿತಿಯ ಹೆಸರೇ ಇದ್ದರೂ, ಸುತ್ತ ಕಬ್ಬಿನ ಗದ್ದೆಯೇ ಇದ್ದರೂ, ವಾಘೋಲಿಯ ಶೆಡ್ಡಿನಲ್ಲಿ ನಿಲ್ಲುವ ಘಟಕ ಈಗ ನಗರದ ಘಟಕವೇ. ಹತ್ತು ಲಕ್ಷ ರೂಪಾಯಿಯ ಯೋಜನೆಗೆ ಇದರಿಂದ ತಪ್ಪುವ ಮೊತ್ತ ಒಂದು ಲಕ್ಷ ರೂಪಾಯಿ. ಪಾಲಿಕೆಯ ಗಡಿ ದಾಟಿ ಕೆಲವೇ ಕಿಲೋಮೀಟರ್ ಮುಂದಿನ ಪಂಚಾಯಿತಿಯಲ್ಲಿ ಶೆಡ್ ಹಿಡಿದರೆ ಬಾಡಿಗೆಯೂ ಕಡಿಮೆ, ಸಹಾಯಧನವೂ ಹೆಚ್ಚು. ಆದ್ದರಿಂದ ಮುಂಗಡ ಕೊಡುವ ಮುನ್ನವೇ ಆ ಸರ್ವೆ ನಂಬರ್ ಇಂದು ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂಬುದನ್ನು ತೆರಿಗೆ ರಸೀದಿಯಿಂದ ಖಚಿತಪಡಿಸಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ಕವಲು ಎಂದರೆ ರಾಜ್ಯದ್ದು. ಘಟಕ ಇಂಡಿ ತಾಲ್ಲೂಕಿನಲ್ಲಿ ನಿಂತರೆ ಅರ್ಜಿಯನ್ನು ನೋಡುವುದು ವಿಜಯಪುರ ಜಿಲ್ಲೆಯ ಕೈಗಾರಿಕಾ ಕೇಂದ್ರ, ಸಾಲ ಕೊಡುವುದು ಆ ಭಾಗದ ಬ್ಯಾಂಕ್ ಶಾಖೆ, ವಿದ್ಯುತ್ ಕೊಡುವುದು ಹೆಸ್ಕಾಂ. ಅದೇ ಘಟಕ ಅಕ್ಕಲಕೋಟೆಯ ಹಳ್ಳಿಯಲ್ಲಿ ನಿಂತರೆ ಸೊಲ್ಲಾಪುರದ ಜಿಲ್ಲಾ ಉದ್ಯೋಗ ಕೇಂದ್ರ ಮತ್ತು ಅಲ್ಲಿನ ವಿದ್ಯುತ್ ಕಂಪನಿಯಾದ ಮಹಾವಿತರಣದ ಬಾಗಿಲು ತಟ್ಟಬೇಕು. ಅರ್ಜಿದಾರರು ಪುಣೆಯ ಹಡಪಸರದಲ್ಲಿ ವಾಸಿಸುತ್ತಾರೆ ಎಂಬುದು ಎರಡೂ ಕಡೆ ಗೌಣವಾದರೂ, "ಘಟಕವನ್ನು ನೋಡಿಕೊಳ್ಳುವವರು ಯಾರು?" ಎಂಬ ಪ್ರಶ್ನೆಯನ್ನು ಬ್ಯಾಂಕಿನ ಅಧಿಕಾರಿ ಕೇಳಿಯೇ ಕೇಳುತ್ತಾರೆ. "ಅಣ್ಣ ಇದ್ದಾರೆ, ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಸಾಲದು. ಊರಿಗೆ ಮರಳುವ ಯೋಚನೆಯಿದ್ದರೆ ಅದನ್ನು, ಇಲ್ಲದಿದ್ದರೆ ಊರಿನಲ್ಲೇ ಇರುವವರನ್ನು ಅರ್ಜಿದಾರರನ್ನಾಗಿ ಮಾಡುವುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಇನ್ನು ಜಮೀನಿನ ಕಾಗದ. ಊರಿನ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇರುವುದು ವಲಸೆ ಬಂದ ಕುಟುಂಬಗಳಲ್ಲಿ ಸರ್ವೇಸಾಮಾನ್ಯ. ಕರ್ನಾಟಕದಲ್ಲಾದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ವರ್ಗಾವಣೆ, ಮಾಡಿಸಿ ಪಹಣಿಯಲ್ಲಿ ಹೆಸರು ಬರಬೇಕು. ಮಹಾರಾಷ್ಟ್ರದಲ್ಲಾದರೆ ತಲಾಠಿಯ, ಅಂದರೆ ಗ್ರಾಮ ಲೆಕ್ಕಾಧಿಕಾರಿಯ, ಬಳಿ ವಾರಸಾ ದಾಖಲಿಸಿ ಅಲ್ಲಿನ ಪಹಣಿಯಾದ ಸಾತಬಾರಾ ಉತಾರದಲ್ಲಿ ಹೆಸರು ಕೂರಬೇಕು. ಇದಕ್ಕೆ ತಿಂಗಳುಗಳು ಹಿಡಿಯುವುದರಿಂದ ಯೋಜನಾ ವರದಿಗಿಂತ ಮೊದಲು ಇದನ್ನೇ ಆರಂಭಿಸಬೇಕು. ಅಣ್ಣತಮ್ಮಂದಿರ ಜಂಟಿ ಜಮೀನಾದರೆ ಎಲ್ಲರ ಒಪ್ಪಿಗೆ ಪತ್ರ ಬೇಕು. ಒಬ್ಬ ತಮ್ಮ ಮುಂಬಯಿಯಲ್ಲಿ, ಅಕ್ಕ ಹೈದರಾಬಾದಿನಲ್ಲಿ ಇದ್ದರೆ ಊರ ಜಾತ್ರೆಗೆ ಎಲ್ಲರೂ ಕೂಡಿದಾಗಲೇ ಸಹಿ ಮಾಡಿಸಿಕೊಳ್ಳುವುದು ಜಾಣತನ. ಕೃಷಿ ಜಮೀನಿನಲ್ಲಿ ಕಟ್ಟಡ ಎಬ್ಬಿಸುವುದಾದರೆ ಅಕೃಷಿಕ ಪರಿವರ್ತನೆಯ ವಿಚಾರವೂ ಬರುತ್ತದೆ. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಹಳ್ಳಿಯಲ್ಲೇ ನೋಂದಾಯಿತ ಬಾಡಿಗೆ ಕರಾರಿನ ಶೆಡ್ ಅತ್ಯಂತ ಸುಲಭದ ದಾರಿ. ಪಿಎಂಇಜಿಪಿಯಲ್ಲಿ ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ, ಆದರೆ ಶೆಡ್ಡಿನ ಬಾಡಿಗೆಯನ್ನು ಗರಿಷ್ಠ ಮೂರು ವರ್ಷಗಳ ಮಟ್ಟಿಗೆ ಸೇರಿಸಬಹುದು. ಈ ಅನುಕೂಲ ಅನೇಕರಿಗೆ ಗೊತ್ತೇ ಇರುವುದಿಲ್ಲ.

ಎರಡನೆಯ ಹೆಜ್ಜೆ: ಅರ್ಜಿದಾರರು ಯಾರು?

ಪಿಎಂಇಜಿಪಿಯಲ್ಲಿ ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಆದಾಯದ ಮಿತಿಯಿಲ್ಲ. ತಯಾರಿಕಾ ಘಟಕದ ವೆಚ್ಚ 10 ಲಕ್ಷ ರೂಪಾಯಿ ಮೀರಿದರೆ, ಸೇವಾ ಘಟಕದ್ದು 5 ಲಕ್ಷ ಮೀರಿದರೆ, ಎಂಟನೆಯ ತರಗತಿ ಪಾಸಾಗಿರಬೇಕು. ಒಂದು ಕುಟುಂಬಕ್ಕೆ, ಅಂದರೆ ಗಂಡ-ಹೆಂಡತಿ ಸೇರಿ, ಒಂದೇ ಅವಕಾಶ. ಈ ಕಾರಣಕ್ಕಾಗಿಯೇ ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕೆಂಬುದು ಮನೆಯಲ್ಲಿ ಕೂತು ಚರ್ಚಿಸಬೇಕಾದ ವಿಷಯ.

ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ. 2022ರಿಂದ ಮಹತ್ವಾಕಾಂಕ್ಷೆಯ ಜಿಲ್ಲೆಗಳ, ಅಂದರೆ ಹಿಂದುಳಿದವೆಂದು ಕೇಂದ್ರ ಸರ್ಕಾರ ಗುರುತಿಸಿದ ಜಿಲ್ಲೆಗಳ, ಅರ್ಜಿದಾರರೂ ಈ ವರ್ಗದಲ್ಲಿದ್ದಾರೆ. ಕರ್ನಾಟಕದಲ್ಲಿ ರಾಯಚೂರು ಮತ್ತು ಯಾದಗಿರಿ, ಗಡಿಗೆ ಹತ್ತಿರದಲ್ಲಿ ಮಹಾರಾಷ್ಟ್ರದ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಆ ಪಟ್ಟಿಯಲ್ಲಿವೆ. ಪುಣೆಯ ಕಟ್ಟಡ ಕೆಲಸಗಳಲ್ಲಿ ಯಾದಗಿರಿಯವರು ಎಷ್ಟು ಮಂದಿ ಇದ್ದಾರೆಂದು ಬಲ್ಲವರಿಗೆ ಈ ಒಂದು ಸಾಲಿನ ಬೆಲೆ ಅರ್ಥವಾಗುತ್ತದೆ: ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿ ಸಾಮಾನ್ಯ ವರ್ಗದ ಪುರುಷರೊಬ್ಬರು ಘಟಕ ಹಾಕಿದರೂ ಅವರಿಗೆ ವಿಶೇಷ ವರ್ಗದ ದರವೇ ಅನ್ವಯಿಸುತ್ತದೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಗಡಿ ದಾಟಿದವರು ಎಚ್ಚರ ವಹಿಸಬೇಕು. ಕರ್ನಾಟಕದ ಪಟ್ಟಿಯಲ್ಲಿರುವ ಪರಿಶಿಷ್ಟ ಜಾತಿಯ ಸ್ಥಾನಮಾನ ಮಹಾರಾಷ್ಟ್ರಕ್ಕೆ ವಲಸೆ ಬಂದವರಿಗೆ ಇಲ್ಲಿ ತಾನಾಗಿಯೇ ಸಿಗುವುದಿಲ್ಲ; ಸುಪ್ರೀಂ ಕೋರ್ಟು 1990 ಮತ್ತು 1994ರ ತೀರ್ಪುಗಳಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹಾಗಾಗಿ ಮೀಸಲು ವರ್ಗದ ಪುರುಷರಿಗೆ ತಮ್ಮ ಮೂಲ ಜಿಲ್ಲೆಯಲ್ಲಿ ಘಟಕ ಹಾಕುವುದೇ ಹೆಚ್ಚು ಸುಸೂತ್ರ. ಮಹಿಳಾ ಅರ್ಜಿದಾರರಿಗೆ ಈ ತೊಡಕೇ ಇಲ್ಲ, ಏಕೆಂದರೆ ಅವರು ಜಾತಿಯ ಆಧಾರವಿಲ್ಲದೆ ವಿಶೇಷ ವರ್ಗಕ್ಕೆ ಬರುತ್ತಾರೆ. ಇದನ್ನು ತಿಳಿದ ಕೂಡಲೇ ಹೆಂಡತಿಯ ಹೆಸರಿನಲ್ಲಿ ಅರ್ಜಿ ಗುಜರಾಯಿಸಿ ವ್ಯವಹಾರವನ್ನೆಲ್ಲ ತಾವೇ ಮಾಡುವ ಗಂಡಂದಿರಿದ್ದಾರೆ. ಬ್ಯಾಂಕಿನ ಸಂದರ್ಶನದಲ್ಲಿ ಜೋಳದ ದರ, ದಿನದ ಉತ್ಪಾದನೆ, ಕೂಲಿ ಇವುಗಳ ಬಗ್ಗೆ ಉತ್ತರಿಸಬೇಕಾದವರು ಅರ್ಜಿದಾರರೇ. ನಿಜವಾಗಿ ರೊಟ್ಟಿ ಬಡಿಯುವುದು, ಲೆಕ್ಕ ಇಡುವುದು ಅವರೇ ಆಗಿದ್ದರೆ ಅವರ ಹೆಸರಿನಲ್ಲೇ ಹಾಕಬೇಕು, ಅಲ್ಲದಿದ್ದರೆ ಹಾಕಬಾರದು.

ಮಹಾರಾಷ್ಟ್ರ ಸರ್ಕಾರ ಇದೇ ಮಾದರಿಯಲ್ಲಿ ಮುಖ್ಯಮಂತ್ರಿ ರೋಜಗಾರ ನಿರ್ಮಿತಿ ಕಾರ್ಯಕ್ರಮವನ್ನು 2019ರಿಂದ ನಡೆಸುತ್ತಿದೆ. ಇದು ರಾಜ್ಯದ ನಿವಾಸಿಗಳಿಗಾಗಿ ಇರುವುದರಿಂದ ಅಧಿವಾಸ ಪ್ರಮಾಣಪತ್ರ, ಜನರ ಮಾತಿನಲ್ಲಿ ಡೊಮಿಸೈಲ್, ಬೇಕಾಗುತ್ತದೆ. ಎರಡು ತಲೆಮಾರಿನಿಂದ ಇಲ್ಲಿರುವ ಕನ್ನಡಿಗರಿಗೆ ಇದು ಕಷ್ಟವಲ್ಲ. ಮಕ್ಕಳ ಕಾಲೇಜು ಪ್ರವೇಶಕ್ಕಾಗಿ ಮಾಡಿಸಿಟ್ಟದ್ದೇ ಮನೆಯಲ್ಲಿರುತ್ತದೆ, ಆದರೆ ಅರ್ಜಿದಾರರ ಹೆಸರಿನಲ್ಲೂ ಒಂದು ಬೇಕು.

ಹೆಸರಿನ ಕಾಗುಣಿತವನ್ನು ಸಣ್ಣ ವಿಷಯವೆಂದು ಬಿಡಬಾರದು. ಶಾಲೆಯ ದಾಖಲೆಯಲ್ಲಿ ಊರ ಹೆಸರು ಮುಂದೆ ಬರುವ ಕನ್ನಡದ ಪದ್ಧತಿ, ಆಧಾರ್‌ನಲ್ಲಿ ಹೆಸರು-ತಂದೆಯ ಹೆಸರು-ಆಡ್ನಾವ (ಮನೆತನದ ಹೆಸರು) ಎಂಬ ಮರಾಠಿ ಪದ್ಧತಿ, ಪ್ಯಾನ್ ಕಾರ್ಡಿನಲ್ಲಿ ಬರೀ ಇನಿಷಿಯಲ್; ಹೀಗೆ ಒಬ್ಬರೇ ವ್ಯಕ್ತಿ ಮೂರು ಕಾಗದಗಳಲ್ಲಿ ಮೂವರಾಗಿರುತ್ತಾರೆ. ಪಿಎಂಇಜಿಪಿ ಅರ್ಜಿ ಆಧಾರ್ ಆಧರಿಸಿ ನಡೆಯುವುದರಿಂದ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಈ ಮೂರನ್ನಾದರೂ ಮೊದಲು ಒಂದೇ ರೂಪಕ್ಕೆ ತರಬೇಕು. ಹಳೆಯ ಶಾಲಾ ದಾಖಲೆಗೆ ಅಫಿಡವಿಟ್ ಸಾಕಾಗುವುದುಂಟು. ಕನ್ನಡದಲ್ಲಿರುವ ದಾಖಲೆಗಳನ್ನು ಮಹಾರಾಷ್ಟ್ರದ ಕಚೇರಿಗೆ ಕೊಡುವಾಗ ದೃಢೀಕರಿಸಿದ ಮರಾಠಿ ಅಥವಾ ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟರೆ ಒಂದು ಸುತ್ತಿನ ಓಡಾಟ ತಪ್ಪುತ್ತದೆ.

ಮೂರನೆಯ ಹೆಜ್ಜೆ: ಯೋಜನೆಯ ಆಯ್ಕೆ

ಪಿಎಂಇಜಿಪಿ 2008ರಲ್ಲಿ ಆರಂಭವಾಯಿತು. ರಾಷ್ಟ್ರಮಟ್ಟದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಇದನ್ನು ನಡೆಸುತ್ತದೆ. ತಯಾರಿಕೆಗೆ ಗರಿಷ್ಠ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ಯೋಜನೆ ಹಾಕಬಹುದು. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಗ್ರಾಮೀಣದಲ್ಲಿ ಶೇ. 25 ಸಹಾಯಧನ, ಸ್ವಂತ ಪಾಲು ಶೇ. 10. ವಿಶೇಷ ವರ್ಗಕ್ಕೆ ನಗರದಲ್ಲಿ ಶೇ. 25, ಗ್ರಾಮೀಣದಲ್ಲಿ ಶೇ. 35, ಸ್ವಂತ ಪಾಲು ಶೇ. 5. ಹೊಸ ಘಟಕಗಳಿಗೆ ಮಾತ್ರ ಇದು ಅನ್ವಯ. ಈಗಾಗಲೇ ನಡೆಯುತ್ತಿರುವ ಗಿರಣಿಗೆ ಸಿಗದು. ಮಾಂಸ, ಮದ್ಯ, ತಂಬಾಕಿನ ಉದ್ಯಮಗಳು ಹೊರಗಿವೆ.

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ, 2020ರ ಜೂನ್‌ನಲ್ಲಿ ಬಂದದ್ದು. ಆಹಾರ ಪದಾರ್ಥಗಳಿಗೆ ಮಾತ್ರ ಸೀಮಿತ, ಆದರೆ ಹಳೆಯ ಘಟಕದ ಉನ್ನತೀಕರಣಕ್ಕೂ ಹೊಸ ಘಟಕಕ್ಕೂ ಸಿಗುತ್ತದೆ. ಜಾತಿ, ಲಿಂಗಭೇದವಿಲ್ಲದೆ ಎಲ್ಲರಿಗೂ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ಇದಕ್ಕೆ ತನ್ನ ಕಡೆಯಿಂದ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂಪಾಯಿ ಮಾಡಿದೆ. ಅಲ್ಲಿ ಇದರ ಹೊಣೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿಗಾಗಿ ಇರುವ ರಾಜ್ಯ ಸರ್ಕಾರದ ನಿಗಮವಾದ ಕೆಪೆಕ್‌ನದು. ಜಿಲ್ಲೆಗೊಂದು ಉತ್ಪನ್ನ ಎಂಬ ಪಟ್ಟಿಯೊಂದಿದೆ: ವಿಜಯಪುರಕ್ಕೆ ನಿಂಬೆ, ಬೆಳಗಾವಿಗೂ ಕೊಲ್ಲಾಪುರಕ್ಕೂ ಬೆಲ್ಲ. ಪಟ್ಟಿಯ ಹೊರಗಿನ ಆಹಾರ ಘಟಕಗಳಿಗೂ ಅವಕಾಶವಿದೆ.

ಎರಡೂ ಯೋಜನೆಗಳ ಅನುಮೋದಿತ ಅವಧಿ 2025-26ರ ಹಣಕಾಸು ವರ್ಷದವರೆಗಿನದು. 2026ರ ಮಾರ್ಚ್ ನಂತರ ಅರ್ಜಿ ಹಾಕುವವರು ಮುಂದುವರಿಕೆಯ ಆದೇಶವನ್ನೂ ಆ ವರ್ಷದ ಮಿತಿಗಳನ್ನೂ ಪೋರ್ಟಲ್‌ನಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಈಗ ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಒಂದು ಘಟಕವೆಂದು ಇಟ್ಟುಕೊಳ್ಳಿ: ಹಿಟ್ಟಿನ ಗಿರಣಿ, ಹಿಟ್ಟು ನಾದುವ ಯಂತ್ರ, ರೊಟ್ಟಿ ಯಂತ್ರ, ಪ್ಯಾಕಿಂಗ್ ಯಂತ್ರ ಸೇರಿ 5 ಲಕ್ಷ, ಶೆಡ್ಡಿನ ಕಟ್ಟಡ ಕೆಲಸ 2 ಲಕ್ಷ, ದುಡಿಯುವ ಬಂಡವಾಳ (ಕಚ್ಚಾ ಮಾಲು, ಕೂಲಿಯಂಥ ನಿತ್ಯದ ಖರ್ಚಿನ ಹಣ) 3 ಲಕ್ಷ, ಒಟ್ಟು 10 ಲಕ್ಷ ರೂಪಾಯಿ. ಪಿಎಂಇಜಿಪಿಯಲ್ಲಿ ಹಳ್ಳಿಯ ಮಹಿಳಾ ಅರ್ಜಿದಾರರು 50 ಸಾವಿರ ರೂಪಾಯಿ ಹಾಕುತ್ತಾರೆ, ಬ್ಯಾಂಕು 9.5 ಲಕ್ಷ ಕೊಡುತ್ತದೆ, ಸಹಾಯಧನ 3.5 ಲಕ್ಷ, ಅಂದರೆ ನಿಜಕ್ಕೂ ತೀರಿಸಬೇಕಾದ ಅಸಲು 6 ಲಕ್ಷ. ಸಾಮಾನ್ಯ ವರ್ಗದ ಪುರುಷರಿಗೆ ಸ್ವಂತ ಪಾಲು 1 ಲಕ್ಷ, ಸಹಾಯಧನ 2.5 ಲಕ್ಷ.

ಪಿಎಂಎಫ್‌ಎಂಇಯಲ್ಲಿ ದುಡಿಯುವ ಬಂಡವಾಳಕ್ಕೆ ಸಹಾಯಧನವಿಲ್ಲ, ಕಟ್ಟಡ ಕೆಲಸ ಅರ್ಹ ವೆಚ್ಚದ ಶೇ. 30 ಮೀರಬಾರದು, ಸ್ವಂತ ಪಾಲು ಶೇ. 10. ಮೇಲಿನ ಘಟಕದಲ್ಲಿ ಅರ್ಹ ವೆಚ್ಚ 7 ಲಕ್ಷ ಮಾತ್ರ. ಅದರ ಶೇ. 35 ಎಂದರೆ 2.45 ಲಕ್ಷ, ಕರ್ನಾಟಕದ ಶೇ. 50 ಎಂದರೆ 3.5 ಲಕ್ಷ. ಹೀಗಾಗಿ ಅಕ್ಕಲಕೋಟೆಯ ಹಳ್ಳಿಯಲ್ಲಿ ಮಹಿಳೆಗೆ ಪಿಎಂಇಜಿಪಿ ಸ್ಪಷ್ಟವಾಗಿ ಲಾಭಕರ. ಇಂಡಿಯ ಹಳ್ಳಿಯಲ್ಲಿ ಸಾಮಾನ್ಯ ವರ್ಗದ ಪುರುಷರಿಗೆ ಪಿಎಂಎಫ್‌ಎಂಇಯೇ ಲಾಭ. ಇಂಡಿಯಲ್ಲಿ ಮಹಿಳೆಗೆ ಎರಡೂ ಒಂದೇ, ಸ್ವಂತ ಪಾಲು ಕಡಿಮೆಯೆಂಬ ಕಾರಣಕ್ಕೆ ಪಿಎಂಇಜಿಪಿ ಒಂದು ಕೈ ಮೇಲು. ಯಂತ್ರಗಳ ಪಾಲು ಹೆಚ್ಚಿದಷ್ಟೂ ಪಿಎಂಎಫ್‌ಎಂಇ, ಕಚ್ಚಾ ಮಾಲಿನ ಪಾಲು ಹೆಚ್ಚಿದಷ್ಟೂ ಪಿಎಂಇಜಿಪಿ ಅನುಕೂಲವಾಗುತ್ತದೆ. ಒಂದೇ ಯಂತ್ರಕ್ಕೆ ಎರಡೂ ಕಡೆಯ ಸಹಾಯಧನ ಪಡೆಯುವಂತಿಲ್ಲ. ಆದರೆ ಗೋದಾಮು, ಶೀತಲ ಕೊಠಡಿಯಂಥ ಕೊಯ್ಲೋತ್ತರ ಸೌಕರ್ಯಗಳಿದ್ದರೆ ಕೃಷಿ ಮೂಲಸೌಕರ್ಯ ನಿಧಿಯಿಂದ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ ಶೇ. 3ರ ಬಡ್ಡಿ ರಿಯಾಯಿತಿಯನ್ನು ಪಿಎಂಎಫ್‌ಎಂಇ ಜೊತೆಗೆ ಜೋಡಿಸಿಕೊಳ್ಳಲು ಸಾಧ್ಯವಿದೆ.

ಮುದ್ರಾ ಯೋಜನೆಯನ್ನು ಇವುಗಳ ಸಾಲಿನಲ್ಲಿ ಇಡಬಾರದು. 2015ರ ಏಪ್ರಿಲ್ 8ರಂದು ಆರಂಭವಾದ ಇದರಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಹಂತಗಳಿವೆ; ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ ಪ್ಲಸ್ 2024ರಲ್ಲಿ ಸೇರಿತು. ಅಡಮಾನ ಬೇಡ, ಆದರೆ ಸಹಾಯಧನವೂ ಇಲ್ಲ. ಕಾಗದಪತ್ರ ಕಡಿಮೆ, ಒಂದು ಹೊಲಿಗೆ ಯಂತ್ರ, ಒಂದು ಗಿರಣಿ, ಒಂದು ಸಣ್ಣ ಅಂಗಡಿಗೆ ಇಷ್ಟೇ ಸಾಕು.

ನಾಲ್ಕನೆಯ ಹೆಜ್ಜೆ: ಯೋಜನಾ ವರದಿ

ಪೋರ್ಟಲ್‌ಗಳಲ್ಲಿ ಮಾದರಿ ವರದಿಗಳು ಸಿಗುತ್ತವೆ. ಅವನ್ನು ಹಾಗೆಯೇ ನಕಲು ಮಾಡಿದ ವರದಿಯನ್ನು ಬ್ಯಾಂಕಿನವರು ಮೊದಲ ಪುಟದಲ್ಲೇ ಗುರುತು ಹಿಡಿಯುತ್ತಾರೆ, ಏಕೆಂದರೆ ಹತ್ತು ಅರ್ಜಿಗಳಲ್ಲಿ ಅದೇ ಅಂಕಿಗಳಿರುತ್ತವೆ. ವರದಿ ದಪ್ಪವಾಗಿರಬೇಕಿಲ್ಲ, ಅದರಲ್ಲಿ ನಿಮ್ಮ ಊರಿನ ದರಗಳಿರಬೇಕು.

ಯಂತ್ರಗಳಿಗೆ ಜಿಎಸ್‌ಟಿ ಸಂಖ್ಯೆಯಿರುವ ವ್ಯಾಪಾರಿಗಳಿಂದಲೇ ಕೊಟೇಶನ್ ಪಡೆಯಬೇಕು, ಏಕೆಂದರೆ ಬ್ಯಾಂಕು ಹಣವನ್ನು ನೇರವಾಗಿ ಅವರ ಖಾತೆಗೇ ಹಾಕುತ್ತದೆ. ಮೂರು ಫೇಸ್ ವಿದ್ಯುತ್ ಸಂಪರ್ಕದ ಠೇವಣಿ, ಸಾಗಣೆ, ಅಳವಡಿಕೆ ಇವನ್ನು ಮರೆತರೆ ಆಮೇಲೆ ಕೈಯಿಂದ ಹಾಕಬೇಕಾಗುತ್ತದೆ. ಮಾರಾಟದ ಅಂದಾಜಿಗೆ ಆಧಾರ ಬೇಕು: ಪುಣೆಯ ಎರಡು-ಮೂರು ಅಂಗಡಿಗಳವರು "ತಿಂಗಳಿಗೆ ಇಷ್ಟು ಪಾಕೀಟು ತೆಗೆದುಕೊಳ್ಳುತ್ತೇವೆ" ಎಂದು ಬರೆದುಕೊಟ್ಟ ಪತ್ರ ಹತ್ತು ಪುಟದ ಮಾರುಕಟ್ಟೆ ವಿಶ್ಲೇಷಣೆಗಿಂತ ಹೆಚ್ಚು ತೂಗುತ್ತದೆ. ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನವರಿಗಿಲ್ಲದ ಅನುಕೂಲ ಇರುವುದು ಇಲ್ಲಿಯೇ. ಅದನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಬೇಕು.

ದುಡಿಯುವ ಬಂಡವಾಳದ ಲೆಕ್ಕವನ್ನು ವರ್ಷದ ಸುತ್ತಿಗೆ ಹೊಂದಿಸಿ ಮಾಡಬೇಕು. ಹಿಂಗಾರಿ ಜೋಳ ಫೆಬ್ರವರಿ-ಮಾರ್ಚ್‌ನಲ್ಲಿ ರಾಶಿಯಾದಾಗ ಕೊಂಡಿಟ್ಟುಕೊಂಡರೆ ಅಗ್ಗ. ಆಗಲೇ ಹಣದ ಅಗತ್ಯ ಅತಿ ಹೆಚ್ಚು. ಪುಣೆಯ ಅಂಗಡಿಯವರು ಮಾಲು ಇಳಿಸಿಕೊಂಡ ದಿನವೇ ಹಣ ಕೊಡುವುದು ಅಪರೂಪ. ಈ ಎರಡು ಅಂಶಗಳನ್ನು ತೋರಿಸಿದ ವರದಿಯನ್ನು ಓದಿದ ಅಧಿಕಾರಿಗೆ ಅರ್ಜಿದಾರರಿಗೆ ವ್ಯಾಪಾರ ಗೊತ್ತಿದೆ ಎಂಬ ಭರವಸೆ ಬರುತ್ತದೆ. ಆದರೆ ಮೊತ್ತವನ್ನು ಸುಮ್ಮನೆ ಉಬ್ಬಿಸಬಾರದು. ಪಿಎಂಇಜಿಪಿಯ ನಿಯಮದಂತೆ ಮೂರು ವರ್ಷಗಳೊಳಗೆ ಒಮ್ಮೆಯಾದರೂ ಕ್ಯಾಶ್ ಕ್ರೆಡಿಟ್ ಮಿತಿಯನ್ನು, ಅಂದರೆ ದುಡಿಯುವ ಬಂಡವಾಳಕ್ಕೆ ಬ್ಯಾಂಕು ಮಂಜೂರು ಮಾಡಿದ ಸಾಲದ ಮಿತಿಯನ್ನು, ಪೂರ್ತಿ ಬಳಸಿರಬೇಕು, ಒಟ್ಟು ಬಳಕೆ ಶೇ. 75ಕ್ಕಿಂತ ಕಡಿಮೆಯಿರಬಾರದು, ಇಲ್ಲದಿದ್ದರೆ ಆ ಪ್ರಮಾಣದ ಸಹಾಯಧನ ವಾಪಸು ಹೋಗುತ್ತದೆ.

ವರದಿ ಬರೆಯುವುದಕ್ಕೆ ನೆರವು ಬೇಕಾದವರು ಪಿಎಂಎಫ್‌ಎಂಇಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನು ಕಾಣಬಹುದು. ಅವರ ಸಂಭಾವನೆಯನ್ನು ಯೋಜನೆಯೇ ಭರಿಸುತ್ತದೆ, ಅರ್ಜಿದಾರರು ಏನೂ ಕೊಡಬೇಕಿಲ್ಲ. ತರಬೇತಿಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ದೇಶದುದ್ದಕ್ಕೂ ಹಬ್ಬಿರುವ ಈ ವ್ಯವಸ್ಥೆಗೆ ಮಾದರಿಯಾದದ್ದು ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್. ಈ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಮೇತ ತರಬೇತಿ ಉಚಿತ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಬ್ಯಾಂಕು

ಅರ್ಜಿಗೆ ಮುನ್ನ ತಮ್ಮ ಸಾಲದ ಇತಿಹಾಸವನ್ನು ತಾವೇ ನೋಡಿಕೊಳ್ಳಬೇಕು. ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಎಂದೋ ಕಂತಿನಲ್ಲಿ ಕೊಂಡ ಮೊಬೈಲಿನ ಬಾಕಿ, ಗೆಳೆಯರಿಗೆ ಹಾಕಿದ ಜಾಮೀನು, ಮುಚ್ಚಿದೆನೆಂದು ತಿಳಿದುಕೊಂಡ ಕ್ರೆಡಿಟ್ ಕಾರ್ಡ್ ಇವು ಅಲ್ಲಿ ಎದ್ದುಬರುತ್ತವೆ. ತೀರಿಸಿ, ನಿರಾಕ್ಷೇಪಣಾ ಪತ್ರ ಪಡೆದು, ದಾಖಲೆ ಸರಿಯಾದ ಮೇಲಷ್ಟೇ ಅರ್ಜಿ ಹಾಕುವುದು ಲೇಸು.

ಪಿಎಂಇಜಿಪಿ ಅರ್ಜಿಯಲ್ಲಿ ಸಂಸ್ಥೆಯನ್ನು ಆರಿಸುವಾಗ ಖಾದಿ ಆಯೋಗ, ರಾಜ್ಯದ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ ಎಂಬ ಆಯ್ಕೆಗಳು ಬರುತ್ತವೆ. ಘಟಕಕ್ಕೆ ಹತ್ತಿರವಾಗಿ, ಓಡಾಡಲು ಅನುಕೂಲವಾಗಿ ಯಾವುದಿದೆಯೋ ಅದನ್ನು ಆರಿಸಿದರಾಯಿತು. ಬ್ಯಾಂಕಿನ ಆಯ್ಕೆ ಮಾತ್ರ ಹಾಗಲ್ಲ. ಸಂಬಳದ ಖಾತೆಯಿದೆ ಎಂಬ ಕಾರಣಕ್ಕೆ ಪುಣೆಯ ಶಾಖೆಯನ್ನು ತೋರಿಸಿದರೆ ಅವರು ಇಂಡಿಯ ಘಟಕಕ್ಕೆ ಸಾಲ ಕೊಡುವ ಗೋಜಿಗೇ ಹೋಗುವುದಿಲ್ಲ. ಘಟಕ ಯಾವ ಶಾಖೆಯ ಸೇವಾ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೆ ಅರ್ಜಿ ಹಾಕುವ ಮುನ್ನವೇ ಹೋಗಿ ವ್ಯವಸ್ಥಾಪಕರನ್ನು ಕಂಡು, ವರದಿಯ ಕರಡನ್ನು ತೋರಿಸಿ, ಅವರ ಆಕ್ಷೇಪಗಳನ್ನು ಕೇಳಿ ತಿದ್ದಿಕೊಂಡು ಬರಬೇಕು. ಪರ್ಯಾಯ ಬ್ಯಾಂಕನ್ನು ಸೂಚಿಸುವ ಜಾಗವನ್ನೂ ವ್ಯರ್ಥ ಮಾಡಬಾರದು. 2025ರ ಮೇ 1ರಿಂದ ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿರುವುದರಿಂದ ಹಳೆಯ ಪಾಸ್‌ಬುಕ್ಕಿನ ಶಾಖಾ ಸಂಕೇತಗಳನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಬೇಕು.

ಅಡಮಾನದ ಬಗ್ಗೆ ಹೇಳುವುದಾದರೆ, ಸಣ್ಣ ಉದ್ಯಮಗಳ ನಿಗದಿತ ಮಿತಿಯವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್) ಸ್ಥಾಪಿಸಿದ ಸಾಲ ಖಾತರಿ ನಿಧಿಯ ರಕ್ಷಣೆ ಪಡೆಯಬಹುದು. ವಾರ್ಷಿಕ ಶುಲ್ಕವೊಂದಿದೆ, ಅದನ್ನು ಸಾಮಾನ್ಯವಾಗಿ ಸಾಲಗಾರರೇ ಭರಿಸುತ್ತಾರೆ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿಯು ಆಧಾರ್ ಮತ್ತು ಪ್ಯಾನ್ ಇದ್ದರೆ ಕೆಲ ನಿಮಿಷಗಳ ಕೆಲಸ, ಸಂಪೂರ್ಣ ಉಚಿತ. ಆಹಾರ ಘಟಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಬ್ಯಾಂಕು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. "ಮಾರ್ಚ್ ಆಗಲಿ, ನೋಡೋಣ" ಎಂಬುದು ಕಾರಣವಲ್ಲ. ಪ್ರತಿ ಜಿಲ್ಲೆಗೂ ಅಲ್ಲಿನ ಬ್ಯಾಂಕುಗಳ ಕೆಲಸವನ್ನು ಸಮನ್ವಯಿಸುವ ಒಂದು ಲೀಡ್ ಬ್ಯಾಂಕಿದ್ದು, ಪುಣೆ ಜಿಲ್ಲೆಗೆ ಅದು ಬ್ಯಾಂಕ್ ಆಫ್ ಮಹಾರಾಷ್ಟ್ರ. ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಬರೆದ ಪತ್ರ ಅನೇಕ ಸಲ ನಿಂತ ಕಡತವನ್ನು ಅಲುಗಿಸುತ್ತದೆ. ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವಿಳಂಬ ಮತ್ತು ಸೇವಾಲೋಪವನ್ನು ವಿಚಾರಿಸುತ್ತಾರೆ, ಆದರೆ ಸಾಲ ಕೊಡಬೇಕೇ ಬೇಡವೇ ಎಂಬ ಬ್ಯಾಂಕಿನ ವಾಣಿಜ್ಯ ವಿವೇಚನೆಯಲ್ಲಿ ಕೈಹಾಕುವುದಿಲ್ಲ.

ದಲ್ಲಾಳಿಗಳ ಬಗ್ಗೆ ಒಂದು ಮಾತು. ಪಿಎಂಇಜಿಪಿಗೆ ಮಧ್ಯವರ್ತಿಗಳನ್ನು ನೇಮಿಸಿಲ್ಲವೆಂದು ಆಯೋಗವೇ ಪ್ರಕಟಿಸಿದೆ. ಅರ್ಜಿ ಶುಲ್ಕವೂ ಇಲ್ಲ. ವಾಟ್ಸಾಪಿನಲ್ಲಿ ರಾಷ್ಟ್ರಲಾಂಛನವಿರುವ ಮಂಜೂರಾತಿ ಪತ್ರ ಕಳಿಸಿ "ಫೈಲ್ ಚಾರ್ಜ್" ಕೇಳುವವರು ವಂಚಕರು, ಎರಡು ಮಾತಿಲ್ಲ. ಸಬ್ಸಿಡಿಯಲ್ಲಿ ಶೇಕಡಾವಾರು ಪಾಲು ಕೇಳುವ "ಕನ್ಸಲ್ಟಂಟ್"ಗಳು ಅಷ್ಟು ನೇರ ವಂಚಕರಲ್ಲದಿದ್ದರೂ, ಯಂತ್ರದ ಬೆಲೆಯನ್ನು ಕಾಗದದಲ್ಲಿ ಹೆಚ್ಚಿಸುವ ಅವರ ಸಲಹೆಯ ಫಲವನ್ನು ಪರಿಶೀಲನೆಯ ದಿನ ಉಣ್ಣಬೇಕಾದವರು ಅರ್ಜಿದಾರರೇ.

ಮಂಜೂರಾದ ನಂತರ

ಪಿಎಂಇಜಿಪಿಯ ಸಹಾಯಧನ ನಗದಾಗಿ ಕೈಗೆ ಬರುವುದಿಲ್ಲ. ಉದ್ಯಮಶೀಲತಾ ತರಬೇತಿ ಮುಗಿದು, ಸಾಲದ ಮೊದಲ ಕಂತು ಬಿಡುಗಡೆಯಾಗಿ, ಬ್ಯಾಂಕು ಕೋರಿಕೆ ಸಲ್ಲಿಸಿದ ಮೇಲೆ ಆ ಹಣ ಶಾಖೆಗೆ ಬಂದು ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲದ ಮೇಲೂ ಬಡ್ಡಿ ಹಾಕುವಂತಿಲ್ಲ. ಖಾತೆಯ ವಿವರಪಟ್ಟಿ ತರಿಸಿ ಬ್ಯಾಂಕು ಹಾಗೆ ಮಾಡಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ 3.5 ಲಕ್ಷದ ಮೇಲಿನ ಬಡ್ಡಿ ವರ್ಷಕ್ಕೆ ಹತ್ತಾರು ಸಾವಿರವಾಗುತ್ತದೆ. ಘಟಕದ ಮುಂದೆ ಯೋಜನೆಯ ಹೆಸರು, ಬ್ಯಾಂಕಿನ ಹೆಸರು ಇರುವ ಫಲಕ ಹಾಕುವುದು ಕಡ್ಡಾಯ. ನಂತರ ಭೌತಿಕ ಪರಿಶೀಲನೆ ನಡೆಯುತ್ತದೆ. ಪುಣೆಯಲ್ಲಿದ್ದುಕೊಂಡು ಊರಿನ ಘಟಕಕ್ಕೆ ಬೀಗ ಹಾಕಿಟ್ಟವರ ಕಥೆ ಕೆಡುವುದು ಆ ದಿನವೇ. ಎಲ್ಲ ಸರಿಯಿದ್ದರೆ ಮೂರು ವರ್ಷದ ಬಳಿಕ ಠೇವಣಿ ಸಾಲಕ್ಕೆ ಜಮೆಯಾಗುತ್ತದೆ. ಮೊದಲ ಸಾಲವನ್ನು ಸಕಾಲದಲ್ಲಿ ತೀರಿಸಿ ಲಾಭದಲ್ಲಿರುವ ಘಟಕಕ್ಕೆ ವಿಸ್ತರಣೆಗಾಗಿ, ತಯಾರಿಕೆಯಾದರೆ 1 ಕೋಟಿವರೆಗಿನ ಯೋಜನೆಗೆ, ಶೇ. 15 ಸಹಾಯಧನದ ಎರಡನೆಯ ಸಾಲವೂ ಇದೆ.

ಊರಿನ ಅಭಿವೃದ್ಧಿಗೆ, ಗುಂಪುಗಳಿಗೆ ಬರುವ ಹಣ

ಪುಣೆಯಲ್ಲಿರುವ ಒಂದೇ ಊರಿನವರು ಸೇರಿ ಸಂಘ ಕಟ್ಟಿಕೊಂಡು ಊರಿಗೆ ಏನಾದರೂ ಮಾಡಬೇಕೆಂದು ಹೊರಡುವುದುಂಟು. ಅಂಥ ಸಂಘದ ಕೈಗೆ ಸರ್ಕಾರ ನೇರವಾಗಿ ಹಣ ಕೊಡುತ್ತದೆಂಬ ನಿರೀಕ್ಷೆ ಬೇಡ. ಕುಡಿಯುವ ನೀರು, ಚರಂಡಿ, ದಾರಿದೀಪಗಳ ಹಣ ಬರುವುದು ಗ್ರಾಮ ಪಂಚಾಯಿತಿಗೆ. ಅದಕ್ಕೆ ಕೆಲಸವು ಗ್ರಾಮಸಭೆಯಲ್ಲಿ ಠರಾವಾಗಿ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಸೇರಬೇಕು. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಶೇ. 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಸಂಘದವರು ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಅಂದಾಜುಪಟ್ಟಿ ತಯಾರಿಸಿಕೊಟ್ಟು, ಗ್ರಾಮಸಭೆಯ ದಿನ ಊರಿನಲ್ಲಿದ್ದು, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾತ್ರ ಮಾಡುತ್ತಾರೆ, ಜಾರಿ ಜಿಲ್ಲಾಡಳಿತದ್ದು. ಪುಣೆಯ ಸಂಸದರನ್ನಲ್ಲ, ಊರಿನ ಕ್ಷೇತ್ರದವರನ್ನು ಕಾಣಬೇಕು.

ಮಹಿಳೆಯರ ಸ್ವಸಹಾಯ ಸಂಘಗಳಿಗೆ ಇರುವ ದಾರಿ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ಮಹಾರಾಷ್ಟ್ರದಲ್ಲಿ ಉಮೇದ್, ಕರ್ನಾಟಕದಲ್ಲಿ ಸಂಜೀವಿನಿ ಎಂದು ಕರೆಯುತ್ತಾರೆ. ಹತ್ತರಿಂದ ಇಪ್ಪತ್ತು ಮಹಿಳೆಯರ ಸಂಘ ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪುಸ್ತಕ ಎಂಬ ಪಂಚಸೂತ್ರವನ್ನು ಪಾಲಿಸಿದರೆ 20ರಿಂದ 30 ಸಾವಿರ ರೂಪಾಯಿಯ ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿ, ಅಡಮಾನವಿಲ್ಲದ ಬ್ಯಾಂಕ್ ಸಾಲ ಹಂತಹಂತವಾಗಿ ದೊರೆಯುತ್ತವೆ. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7. ಆಹಾರ ತಯಾರಿಸುವ ಸಂಘಗಳ ಸದಸ್ಯರಿಗೆ ಪಿಎಂಎಫ್‌ಎಂಇಯಲ್ಲಿ ತಲಾ 40 ಸಾವಿರ ರೂಪಾಯಿ ಬೀಜಧನವಿದೆ. ರೊಟ್ಟಿಯಂಥ ಕೈಕೆಲಸದ ಉದ್ಯಮಕ್ಕೆ ಒಬ್ಬರ ಹೆಸರಿನ ಘಟಕಕ್ಕಿಂತ ಇದೇ ಹೆಚ್ಚು ಬಾಳುವ ಏರ್ಪಾಡೆಂದು ನನಗನ್ನಿಸುತ್ತದೆ.

ರೈತರೇ ಸೇರುವುದಾದರೆ ಉತ್ಪಾದಕ ಸಂಸ್ಥೆಯಿದೆ. 2020ರ ಫೆಬ್ರವರಿ 29ರಂದು ಆರಂಭವಾದ ಹತ್ತು ಸಾವಿರ ಸಂಸ್ಥೆಗಳ ಯೋಜನೆಯಲ್ಲಿ ಬಯಲುಸೀಮೆಯ ಸಂಸ್ಥೆಗೆ ಕನಿಷ್ಠ 300 ಸದಸ್ಯರು ಬೇಕು. ಮೂರು ವರ್ಷಗಳಲ್ಲಿ 18 ಲಕ್ಷದವರೆಗೆ ನಿರ್ವಹಣಾ ನೆರವು, ಸದಸ್ಯರಿಗೆ ತಲಾ 2,000 ರೂಪಾಯಿಯಂತೆ ಗರಿಷ್ಠ 15 ಲಕ್ಷದ ಷೇರು ಅನುದಾನ ಇದರಲ್ಲಿದೆ. ಹೊಸದಾಗಿ ಮುನ್ನೂರು ಮಂದಿಯನ್ನು ಕೂಡಿಸುವುದಕ್ಕಿಂತ ತಾಲ್ಲೂಕಿನಲ್ಲಿ ಈಗಾಗಲೇ ಇರುವ ಸಂಸ್ಥೆಯನ್ನು ಸೇರಿ ಅದರ ಮಾಲಿಗೆ ಪುಣೆಯಲ್ಲಿ ಗಿರಾಕಿ ಹುಡುಕಿಕೊಡುವುದು ಸುಲಭ.

ಸಂಘವೇ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳಬಯಸಿದರೆ ಕಾಗದಗಳು ಕಟ್ಟುನಿಟ್ಟಾಗಿರಬೇಕು. ಪುಣೆಯ ಸಂಘಗಳು ಸಾಮಾನ್ಯವಾಗಿ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾಗಿರುತ್ತವೆ. ಹಳೆಯ ನಿಯಮಾವಳಿಯಲ್ಲಿ ಕಾರ್ಯಕ್ಷೇತ್ರ "ಪುಣೆ ಜಿಲ್ಲೆ" ಎಂದಿದ್ದರೆ ಕಲಬುರಗಿಯ ಶಾಲೆಗೆ ಖರ್ಚು ಮಾಡುವ ಮುನ್ನ ಅದನ್ನು ತಿದ್ದುಪಡಿ ಮಾಡಿಸಬೇಕು. ಸಂಘಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡಿಸುವ, 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿಗಳು, ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗ ಕೊಡುವ ದರ್ಪಣ್ ಸಂಖ್ಯೆ, ಈ ನಿಧಿ ಪಡೆಯಲು 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಇವಿಲ್ಲದೆ ಯಾವ ಕಂಪನಿಯೂ ಮಾತಿಗೆ ಕೂರುವುದಿಲ್ಲ. ಹಣ ಬಂದ ಮೇಲೆ ಅದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಪ್ರತಿ ಬಿಲ್ಲನ್ನೂ ಕಾಮಗಾರಿಯ ಚಿತ್ರದೊಂದಿಗೆ ಜೋಡಿಸಿಟ್ಟು, ಲೆಕ್ಕಪರಿಶೋಧಕರ ಸಹಿಯಿರುವ ಬಳಕೆ ಪ್ರಮಾಣಪತ್ರವನ್ನು ಒಪ್ಪಂದದ ಗಡುವಿನೊಳಗೆ ಸಲ್ಲಿಸಬೇಕು. ಮೊದಲ ಕಂತಿನ ಪ್ರಮಾಣಪತ್ರ ತಲುಪದೆ ಎರಡನೆಯ ಕಂತು ಹೊರಡುವುದಿಲ್ಲ.